ಚಾಲೂ ಎಂದು ತೋರಿಸುತ್ತಿದ್ದ ಮೋಟರ್

ನಾನು ಏನು ಕೆಲಸ ಮಾಡುತ್ತೇನೆ ಎಂದು ನಮ್ಮೂರು ಅಕ್ಕೋಳದಲ್ಲಿ ಯಾರಾದರೂ ಕೇಳಿದರೆ ನಮ್ಮವ್ವ, “ಮೋಟರ್ ಚಾಲೂ ಮಾಡ್ತಾನ” ಎನ್ನುತ್ತಾಳೆ. ಯಾರ ಮೋಟರ್ ಎಂದರೆ, “ಎಲ್ಲಾರದೂ” ಎನ್ನುತ್ತಾಳೆ. ಹೆಣ್ಣು ಕೊಡಲು ಬಂದವರು ಅಷ್ಟು ಕೇಳಿಕೊಂಡು ಚಹಾ ಕುಡಿದು ಎದ್ದು ಹೋಗುತ್ತಾರೆ. ತಪ್ಪು ಅವ್ವನದಲ್ಲ. ನಾನು ವಿವರಿಸಲು ಕೂತರೆ ಅವರು ಚಹಾ ಕೂಡ ಕುಡಿಯದೆ ಹೋಗುತ್ತಾರೆ.

ನಿಪ್ಪಾಣಿಯಲ್ಲಿ ಒಂದು ಮೋಟರ್ ರಿವೈಂಡಿಂಗ್ ಅಂಗಡಿಯಿದೆ. ಅದರ ಮೇಲಿನ ಕೋಣೆಯೇ ನಮ್ಮ ಆಫೀಸು. ಕೆಳಗಿನ ಅಂಗಡಿಯೂ ಮೇಲಿನ ಕೋಣೆಯೂ ಒಬ್ಬರದೇ. ಅವರನ್ನು ಊರೆಲ್ಲ ಚಾಚಾ ಎನ್ನುತ್ತದೆ, ನಾನೂ ಹಾಗೇ ಅನ್ನುತ್ತೇನೆ. ಸುಟ್ಟ ಮೋಟರುಗಳಿಗೆ ತಂತಿ ಸುತ್ತುವುದು ಅವರ ಮನೆತನದ ಕೆಲಸ. ಅದರ ಜೊತೆಗೆ ಈಗ ಒಂದು ಡಬ್ಬಿಯನ್ನೂ ಮಾರುತ್ತಾರೆ. ನದಿಯ ದಂಡೆಯಲ್ಲಿರುವ ಪಂಪಿನ ಮೋಟರಿಗೆ ಆ ಡಬ್ಬಿಯನ್ನು ಜೋಡಿಸಿದರೆ ರೈತ ಎಲ್ಲೇ ಕೂತು ಫೋನಿನಲ್ಲಿ ಒಂದು ಗುಂಡಿ ಒತ್ತಿ ಮೋಟರ್ ಚಾಲೂ ಮಾಡಬಹುದು, ಬಂದ್ ಮಾಡಬಹುದು. ಫೋನಿಗೂ ಡಬ್ಬಿಗೂ ನಡುವೆ ಮಾತು ಮುಟ್ಟಿಸುವ ಒಂದು ಸರ್ವರ್ ಇದೆ. ಆ ಸರ್ವರಿನ ಪ್ರೋಗ್ರಾಮ್ ಬರೆದವನು ನಾನು. ‘ಬರೆದವನು’ ಎಂದರೆ ಸ್ವಲ್ಪ ಜಂಬವಾಯಿತು. ಅದರ ಬಹುಪಾಲು ಭಾರವನ್ನು ಹೊತ್ತಿರುವುದು ಯಾವುದೋ ದೇಶದ ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಒಂದು ನೆಟ್‌ವರ್ಕಿಂಗ್ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಗಂಟು. ನಾನು ಅದರ ಹೆಗಲ ಮೇಲೆ ಕೂತು ಕಾಲು ಆಡಿಸುತ್ತಿದ್ದೆ.

ಕೃಷ್ಣೆಯ ದಂಡೆಯ ಜುಗೂಳದಲ್ಲಿ ನಮ್ಮ ಕಾಕು ಇದ್ದಾಳೆ, ಅಪ್ಪನ ತಮ್ಮನ ಹೆಂಡತಿ. ಕಾಕಾ ದೂರದ ರೂಟಿನ ಬಸ್ ಓಡಿಸುತ್ತಾನೆ, ಮನೆಗೆ ಹಬ್ಬ ಬಂದಂತೆ ಬಂದು ಹೋಗುತ್ತಾನೆ. ಹಾಗಾಗಿ ಹೊಲ, ಮನೆ, ಎಮ್ಮೆ ಎಲ್ಲ ಕಾಕುವಿನದೇ. ಈ ಬೇಸಿಗೆಯಲ್ಲಿ ಅವಳು ಮೊದಲ ಸಲ ಕಬ್ಬಿನ ಸಸಿಯ ನರ್ಸರಿ ಹಾಕಿದ್ದಳು. ಕಬ್ಬಿನ ಗಣಿಕೆಯಿಂದ ಮೊಳಕೆ ಒಡೆಯುವ ಕಣ್ಣು ಕತ್ತರಿಸಿ, ಪ್ಲಾಸ್ಟಿಕ್ ಟ್ರೇಯ ಗುಂಡಿಗಳಲ್ಲಿ ತೆಂಗಿನ ನಾರಿನ ಪುಡಿಯ ಜೊತೆ ಹುಗಿದು, ಹಸಿರು ಪರದೆಯ ಕೆಳಗೆ ಸಾಲಾಗಿ ಇಟ್ಟು, ಮೇಲಿಂದ ತುಂತುರು ನೀರು ಬಿಡಬೇಕು. ಸಸಿಗಳಿಗೆ ನೀರು ಸ್ವಲ್ಪ ಸಾಕು, ಆದರೆ ದಿನದಲ್ಲಿ ಮತ್ತೆ ಮತ್ತೆ ಬೇಕು. ಬಿಸಿಲಿನಲ್ಲಿ ಒಂದು ದಿನ ತಪ್ಪಿದರೆ ಬಾಡುತ್ತವೆ, ಎರಡು ದಿನ ತಪ್ಪಿದರೆ ಮುಗಿಯಿತು. ರಾಯಬಾಗದ ಕಡೆಯ ಒಬ್ಬ ರೈತರು ಅಷ್ಟೂ ಸಸಿ ತಾವೇ ಒಯ್ಯುವುದಾಗಿ ಹೇಳಿಹೋಗಿದ್ದರು. “ಹೆಣ್ಣಮಗಳು ನರ್ಸರಿ ಮಾಡ್ತಾಳಂತ” ಎಂದು ಓಣಿಯಲ್ಲಿ ಮೂಗು ಮುರಿದವರ ಮುಂದೆ ಆ ಟೆಂಪೊ ತುಂಬಿ ಹೋಗುವುದನ್ನು ನೋಡಬೇಕೆಂಬುದು ಕಾಕುವಿನ ಆಸೆ.

ಅಷ್ಟರಲ್ಲಿ ಅಥಣಿಯಲ್ಲಿದ್ದ ಅವಳ ಮಗಳಿಗೆ ದಿನ ತುಂಬುತ್ತ ಬಂತು. ಬಾಣಂತನಕ್ಕೆ ತವರಿಗೆ ಬರಬೇಕಾದವಳಿಗೆ ಡಾಕ್ಟರರು ಹಾಸಿಗೆ ಬಿಟ್ಟು ಏಳಬೇಡ, ಗಾಡಿ ಹತ್ತಲೇಬೇಡ ಎಂದರು. ಮಗಳು ಬರದಿದ್ದರೆ ತಾಯಿಯೇ ಹೋಗಬೇಕು. ಹೋದರೆ ಸಸಿ?

ಕಾಕು ನನಗೆ ಫೋನ್ ಮಾಡಿದಳು. “ಏನ ಮಾಡ್ಲಿ ತಮ್ಮಾ? ಹೊಟ್ಟ್ಯಾಗಿನ ಕೂಸೂ ಹೊಲದಾಗಿನ ಕೂಸೂ ಒಮ್ಮೆ ಕರ್ಯಾಕತ್ತಾವ.”

ನನ್ನೊಳಗಿನ ಇಂಜಿನಿಯರು ಎದ್ದು ಕೂತ. “ನಾ ಇಲ್ಲೇನ ಕಾಕು? ನಿಮ್ಮ ಮೋಟರಿಗೆ ಡಬ್ಬಿ ಕುಂದರಸ್ತೀನಿ. ನೀ ಅಥಣ್ಯಾಗ ಕುಂತ ಗುಂಡಿ ಒತ್ತು, ಜುಗೂಳದಾಗ ನೀರ ಬೀಳತೈತಿ.”

“ಖರೇನ ಬೀಳತೈತಿ?”

“ಬೀಳಲಿಕ್ಕರ ನನ್ನ ಹೆಸರ ಬದಲ ಮಾಡು.”

“ಅದನ್ನ ನಿಮ್ಮವ್ವಗ ಹೇಳ್ತೀನಿ. ಹೆಸರ ಬದಲಾದ್ರ ಹೆಣ್ಣರ ಸಿಗತಾವೇನೋ.”

ಮರುದಿನವೇ ಹೋಗಿ ಡಬ್ಬಿ ಕೂರಿಸಿದೆ. ಕಾಕುವಿಗೆ ಫೋನಿನಲ್ಲಿ ತೋರಿಸಿದೆ: ಹಸಿರು ಬಂದರೆ ಚಾಲೂ, ಕೆಂಪು ಬಂದರೆ ಬಂದ್. ಅವಳು ಒತ್ತಿದಳು, ಹಸಿರು ಬಂತು, ಪರದೆಯ ಕೆಳಗೆ ತುಂತುರು ಬಿತ್ತು. ನನ್ನ ಮುಖ ನೋಡಿ, “ಶಾಣ್ಯಾ ಆಗಿ ಬಿಡು” ಎಂದಳು. ನಾನು ಆ ಮಾತನ್ನು ನಿಪ್ಪಾಣಿಯವರೆಗೆ ಬೈಕಿನ ಮೇಲೆ ಕೂರಿಸಿಕೊಂಡು ಬಂದೆ.

ಆದರೂ ಕಾಕುವಿಗೆ ಪೂರ್ತಿ ಧೈರ್ಯವಿರಲಿಲ್ಲ. ನದಿ ಕಡೆಯ ಊರುಗಳಲ್ಲಿ ಒಂದು ರೂಢಿಯಿದೆ. ಮೋಟರ್ ಇರುವುದು ಕೆಳಗೆ ದಂಡೆಯಲ್ಲಿ, ಮನೆಗೆ ಅದರ ಸದ್ದು ಕೇಳುವುದಿಲ್ಲ. ಹಾಗಾಗಿ ದಂಡೆಯಲ್ಲಿದ್ದವರು ಮೋಟರ್ ಚಾಲೂ ಆದಾಗ ಕಂಬಕ್ಕೆ ಒಂದು ಟವೆಲ್ ಕಟ್ಟುತ್ತಾರೆ, ಬಂದ್ ಆದಾಗ ಬಿಚ್ಚುತ್ತಾರೆ. ಮನೆಯ ಕಟ್ಟೆಯ ಮೇಲೆ ಕೂತವರಿಗೆ ಟವೆಲ್ ಕಂಡರೆ ನೀರು ಬರುತ್ತಿದೆ ಎಂದರ್ಥ. ಕಾಕು ಹೊರಡುವ ಮುಂಚೆ ಪಕ್ಕದ ಮನೆಯ ಅಜ್ಜನಿಗೆ ಆ ಕೆಲಸ ಒಪ್ಪಿಸಿದಳು. ಅಜ್ಜ ಎಮ್ಮೆ ಮೈ ತೊಳೆಯಲು ದಿನವೂ ನದಿಗೆ ಇಳಿಯುವವನು. “ಮಾವಾರ, ಫೋನ್ ಮ್ಯಾಲ ನಂಗ ಅಷ್ಟ ಇಶ್ವಾಸ ಇಲ್ರಿ. ನೀವು ಟಾವೆಲ್ ಕಟ್ರಿ” ಎಂದು ಹೇಳಿ, ಕಾಕಾನ ಕೆಂಪು ಟವೆಲ್ ಒಂದನ್ನು ಕೊಟ್ಟು ಅಥಣಿಯ ಬಸ್ ಹತ್ತಿದಳು.

ಮೊದಲ ಕೆಲವು ದಿನ ಎಲ್ಲ ಸರಿಯಾಗಿತ್ತು. ಅಥಣಿಯಲ್ಲಿ ಮಗಳ ಹಾಸಿಗೆಯ ಪಕ್ಕ ಕೂತು ಕಾಕು ಗುಂಡಿ ಒತ್ತುತ್ತಿದ್ದಳು, ಹಸಿರು, ಕೆಂಪು, ಹಸಿರು, ಕೆಂಪು. ನಾನು ಚಾಚಾರ ಮುಂದೆ ಕಾಲರ್ ಎತ್ತಿಕೊಂಡು ಓಡಾಡುತ್ತಿದ್ದೆ.

ಒಂದು ಮಧ್ಯಾಹ್ನ ಕಾಕುವಿನ ಫೋನ್ ಬಂತು. ದನಿಯಲ್ಲಿ ಗಾಬರಿ.

“ಲೇ, ಮೋಟರ್ ನಿನ್ನೆ ಸಂಜಿಂದ ಚಾಲೂನ ಐತಿ. ಬಂದ್ ಒತ್ತೀನಿ, ಒತ್ತೀನಿ, ಹಸರ ಹೋಗವಲ್ದು. ಇಷ್ಟ ನೀರಾಗ ಸಸಿ ತೇಲಿ ನದಿಗೆ ಹೋಗಿರ್ತಾವ ನೋಡ.”

ನಾನು ಸರ್ವರ್ ತೆರೆದು ನೋಡಿದೆ. ಹೌದು, ಚಾಲೂ. ಸಂಪರ್ಕ ಗಟ್ಟಿಯಾಗಿದೆ. ಕಾಕು ಒತ್ತಿದ ಪ್ರತಿಯೊಂದು ‘ಬಂದ್’ ಕೂಡ ಹೋಗಿದೆ. ಡಬ್ಬಿ ಮಾತ್ರ ಕೇಳುತ್ತಿಲ್ಲ. ಇದು ಡಬ್ಬಿಯೊಳಗಿನ ರಿಲೇ, ಅಂದರೆ ಕರೆಂಟ್ ಹಾಕಿ ತೆಗೆಯುವ ಸ್ವಿಚ್ಚು, ಅಂಟಿಕೊಂಡಿರುವ ರೋಗ ಎಂದು ಪರೀಕ್ಷೆ ಮಾಡದೆಯೇ ತೀರ್ಮಾನಿಸಿದೆ. ಖಚಿತವಾಗಲೆಂದು ಅಜ್ಜನಿಗೆ ಫೋನ್ ಹಚ್ಚಿದೆ.

“ಅಜ್ಜಾ, ಮೋಟರ್ ಚಾಲೂ ಐತೇನ?”

ಆ ಕಡೆ ಕಟ್ಟೆಯ ಮೇಲೆ ಕೂತಲ್ಲೇ ಕತ್ತು ತಿರುಗಿಸಿದ ಸದ್ದು ನನಗೆ ಕೇಳಿದಂತಾಯಿತು. “ಐತಿ. ಟಾವೆಲ್ ಹಾರಾಡಾಕತ್ತೈತಿ.”

ಎರಡು ಸಾಕ್ಷಿ ಸಿಕ್ಕವು. ಕೋರ್ಟಿಗೂ ಇಷ್ಟು ಸಾಕು. “ಹಂಗಾದ್ರ ಲಗೂನ ಹೋಗಿ ಫ್ಯೂಜ್ ಕಿತ್ತ ಬಿಡು ಅಜ್ಜಾ. ಇಲ್ಲಂದ್ರ ಸಸಿ ಮುಳಗತಾವ.”

“ಮೊಣಕಾಲ ನೋಯಾಕತ್ತೈತಿ ಹುಡುಗಾ.”

“ಕಾಕೂನ ಸಸಿ ಅಜ್ಜಾ.”

ಅಜ್ಜ ಗೊಣಗುತ್ತ ಹೋದ. ಫ್ಯೂಸ್ ಪೆಟ್ಟಿಗೆ ಇರುವುದು ಮೇಲೆ ರಸ್ತೆಯ ಬದಿಯ ಟ್ರಾನ್ಸ್‌ಫಾರ್ಮರ್ ಹತ್ತಿರ, ನದಿಗೆ ಇಳಿಯಬೇಕಿಲ್ಲ. ಕಿತ್ತು ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ಮನೆಗೆ ಬಂದು, “ಕಿತ್ತೀನಿ” ಎಂದು ಫೋನ್ ಮಾಡಿದ. ನಾನು ಕಾಕುವಿಗೆ ಫೋನ್ ಮಾಡಿ, “ಆತು, ನಿಂತೇತಿ, ಆರಾಮ ಇರು. ನಾಳಿ ಮುಂಜಾನಿ ಹೋಗಿ ಡಬ್ಬಿ ಬದಲ ಮಾಡ್ತೀನಿ” ಎಂದೆ. ಆಮೇಲೆ ಕೆಳಗೆ ಹೋಗಿ ಚಾಚಾರಿಗೆ, ನಾನು ಕೂತಲ್ಲಿಂದಲೇ ಪ್ರವಾಹ ತಡೆದ ಕಥೆಯನ್ನು ಕೈ ಬೀಸಿ ಬೀಸಿ ಹೇಳಿದೆ. ಚಾಚಾ ಸುತ್ತುತ್ತಿದ್ದ ತಂತಿ ಬಿಡದೆ, “ಫ್ಯೂಸ್ ತೆಗೆದ ಮ್ಯಾಲ ನಿನ್ನ ಫೋನ್ ಏನ ತೋರಸ್ತೈತಿ ಬೇಟಾ?” ಎಂದರು.

ನೋಡಿದೆ. ಹಸಿರು. ಚಾಲೂ.

“ಸ್ವಲ್ಪ ತಡಾ ಆಗತೈತ್ರಿ ಚಾಚಾ, ನೆಟ್‌ವರ್ಕ್” ಎಂದು ಹೇಳಿ ಮೇಲೆ ಹತ್ತಿದೆ. ಬುದ್ಧಿ ನನ್ನ ಬಾಗಿಲು ಬಡಿದು ವಾಪಸ್ ಹೋದ ಸಂದರ್ಭಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡಬಹುದು.

ಮರುದಿನ ಬೆಳಿಗ್ಗೆ ನಾನಿನ್ನೂ ಅವಲಕ್ಕಿ ತಿನ್ನುತ್ತಿದ್ದೆ. ನರ್ಸರಿಗೆ ಕಳೆ ಕೀಳಲು ಬರುವ ಅಕ್ಕನ ಫೋನ್ ಬಂತು. “ಅಣ್ಣಾರ, ಸಸಿಗೆ ನೀರ ಬಿಟ್ಟಿಲ್ಲೇನ್ರಿ? ಟ್ರೇ ಎಲ್ಲಾ ಹಪ್ಪಳ ಆಗ್ಯಾವ.”

“ಹಪ್ಪಳ? ತೊಯ್ದ ಕೊಳತಾವೇನ ನೋಡ್ರಿ.”

“ತೊಯ್ದಿದ್ರ ನಾ ಯಾಕ ಫೋನ್ ಮಾಡ್ತಿದ್ದೆ? ಮೊನ್ನಿ ಸಂಜಿಂದ ಒಂದ ಹನಿ ಬಿದ್ದಂಗ ಕಾಣ್ಸವಲ್ದು.”

ಅವಲಕ್ಕಿಯ ತಟ್ಟೆ ಬದಿಗಿಟ್ಟೆ. ಅಂದರೆ ಮೋಟರ್ ನಡೆಯುತ್ತಲೇ ಇರಲಿಲ್ಲ. ನೀರಿಲ್ಲದೆ ಬಾಯಿ ಬಿಡುತ್ತಿದ್ದ ಸಸಿಗಳನ್ನು ಪ್ರವಾಹದಿಂದ ಕಾಪಾಡಲೆಂದು ನಾನು ಇದ್ದ ಕರೆಂಟನ್ನೂ ಕೀಳಿಸಿದ್ದೆ. ಬಾಯಾರಿ ಬಿದ್ದವನ ಕೈಯಿಂದ ಚೆಂಬು ಕಸಿದುಕೊಂಡು, ಮುಳುಗಬೇಡಪ್ಪಾ ಎಂದು ಬೆನ್ನು ತಟ್ಟಿದ ಹಾಗೆ.

ಬೈಕ್ ತೆಗೆದೆ. ಚಿಕ್ಕೋಡಿಯವರೆಗೆ ನಾನು ಬೈಕ್ ಓಡಿಸಿದೆನೋ ಬೈಕ್ ನನ್ನನ್ನು ಓಡಿಸಿತೋ ನೆನಪಿಲ್ಲ. ಅಂಕಲಿ ದಾಟಿ ಹೊಳೆಯ ಸೇತುವೆಯ ಮೇಲೆ ಬಂದಾಗ ಕೆಳಗೆ ಕೃಷ್ಣೆ ಬೇಸಿಗೆಯಲ್ಲೂ ತುಂಬಿಕೊಂಡು ಮಲಗಿದ್ದಳು. ಇಷ್ಟು ನೀರಿನ ಪಕ್ಕದಲ್ಲಿ ಸಸಿ ಒಣಗಿಸಲು ಬೇರೆಯದೇ ಪ್ರತಿಭೆ ಬೇಕು ಎಂದುಕೊಂಡೆ.

ಪರದೆಯ ಕೆಳಗೆ ಕಾಲಿಟ್ಟಾಗ ನಗು ಹೋಯಿತು. ಗಾಳಿ ಹೊಡೆಯುವ ಬದಿಯ ಟ್ರೇಗಳಲ್ಲಿ ಸಸಿಗಳು ಕಂದಿ ತಲೆ ಇಳಿಸಿ ಒರಗಿದ್ದವು. ಮುಟ್ಟಿದರೆ ಕಾಗದದ ಸದ್ದು. ನಡುವಿನ ಸಾಲುಗಳು ಸುರುಳಿ ಸುತ್ತಿಕೊಂಡಿದ್ದರೂ ಬುಡದಲ್ಲಿ ಹಸಿರು ಉಳಿದಿತ್ತು. ಕೆಲಸದ ಅಕ್ಕ ಕೊಡದಿಂದ ನೀರು ಚಿಮುಕಿಸುತ್ತಿದ್ದಳು. ನನ್ನನ್ನು ನೋಡಿಯೂ ಚಿಮುಕಿಸುವುದನ್ನು ನಿಲ್ಲಿಸಲಿಲ್ಲ.

ಅಜ್ಜನ ಕಿಸೆಯಿಂದ ಫ್ಯೂಸ್ ಇಸಿದುಕೊಂಡು ಹಾಕಿ, ದಂಡೆಗೆ ಇಳಿದೆ. ಅಜ್ಜನೂ ಕೋಲೂರಿಕೊಂಡು ಹಿಂದೆ ಬಂದ. ಮೋಟರ್ ತಣ್ಣಗೆ ಕೂತಿತ್ತು. ಅದರ ತಲೆಯ ಮೇಲೆ ಒಂದು ಓತಿಕ್ಯಾತ ಬಿಸಿಲು ಕಾಯಿಸುತ್ತಿತ್ತು. ಪಕ್ಕದ ಕಂಬದಲ್ಲಿ ಕೆಂಪು ಟವೆಲ್ ಪಟಪಟ ಹೊಡೆದುಕೊಳ್ಳುತ್ತಿತ್ತು.

“ಅಜ್ಜಾ, ಮೋಟರ್ ಬಂದ್ ಐತಿ.”

“ಬಂದ್ ಐತಿ. ಆದ್ರ ಟಾವೆಲ್ ಐತಲ್ಲ.”

“ಈ ಟಾವೆಲ್ ಯಾವಾಗ ಕಟ್ಟಿದಿ?”

“ಕಾಕು ಹೋದ ದಿನಾನ ಕಟ್ಟೀನಿ. ಮೋಟರ್ ಚಾಲೂ ಆತು, ಕಟ್ಟಿದೆ.”

“ಬಂದ್ ಆದಾಗ ಬಿಚ್ಚಲಿಲ್ಲ?”

“ಬಿಚ್ಚಿದ್ರ ಮತ್ತ ಕಟ್ಟಬೇಕಲ್ಲ. ದಿನಾ ಎಷ್ಟ ಸಲ ಇಳ್ಯೂದು, ಹತ್ತೂದು? ಹೆಂಗೂ ನಿನ್ನ ಫೋನ್ ಐತಿ ಅಂತ ಬಿಟ್ಟೆ.” ಆಮೇಲೆ ಅಜ್ಜ ನನ್ನನ್ನು ಓರೆಗಣ್ಣಿನಿಂದ ನೋಡಿದ. “ನಾ ಟಾವೆಲ್ ನೋಡಿ ಹೇಳಿದೆ. ನೀ ಏನ ನೋಡಿ ಹೇಳಿದಿ?”

“ಫೋನ್ ನೋಡಿ.”

“ಮತ್ತ ನನಗ್ಯಾಕ ಬೈತಿ?”

ನಾನು ಬೈದಿರಲಿಲ್ಲ. ಬೈಯಬೇಕೆಂದು ಬಾಯಿ ತೆರೆದಿದ್ದೆ, ಅಷ್ಟೇ. ಮುಚ್ಚಿಕೊಂಡು ಸ್ಟಾರ್ಟರ್ ಗುಂಡಿಯನ್ನು ಬೆರಳಿನಿಂದಲೇ ಒತ್ತಿದೆ. ಓತಿಕ್ಯಾತ ಹಾರಿತು, ಮೋಟರ್ ಗುರ್ ಎಂದಿತು. ಮೇಲಿನಿಂದ ಕೆಲಸದ ಅಕ್ಕ, “ಬಂತ್ರಿ, ನೀರ ಬಂತು” ಎಂದಳು.

ಆ ದಿನ ನಾನು ನಿಪ್ಪಾಣಿಗೆ ವಾಪಸ್ ಹೋಗಲಿಲ್ಲ. ನರ್ಸರಿಯ ಪಕ್ಕದ ಬೇವಿನ ನೆರಳಿನಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತೆ. ಸ್ವಲ್ಪ ಹೊತ್ತಿಗೊಮ್ಮೆ ಎದ್ದು ಸ್ಟಾರ್ಟರ್ ಒತ್ತುವುದು, ನೀರು ಬಿಡುವುದು, ನಿಲ್ಲಿಸುವುದು, ಮತ್ತೆ ಕೂತು ಕೋಡ್ ಓದುವುದು. ಲೈಬ್ರರಿಯ ಆ ಭಾಗವನ್ನು ನಾನು ಅಲ್ಲಿಯವರೆಗೆ ತೆರೆದೇ ನೋಡಿರಲಿಲ್ಲ. ಬಾಡಿಗೆ ಮನೆಯ ಅಡಿಪಾಯ ಯಾರು ಅಗೆದು ನೋಡುತ್ತಾರೆ?

ರೋಗ ಹೀಗಿತ್ತು. ಸರ್ವರಿಗೂ ಡಬ್ಬಿಗೂ ನಡುವಿನ ಸಂಪರ್ಕದ ತುದಿಗೆ ಸಾಕೆಟ್ ಎನ್ನುತ್ತಾರೆ. ಪ್ರತಿ ಸಾಕೆಟ್ಟಿಗೂ ಕೆಲವು ಆಯ್ಕೆಗಳನ್ನು ಹೇಳಿಡಬಹುದು. ಅದರಲ್ಲಿ ಒಂದು, ‘ಆ ಕಡೆಯವನು ಜೀವಂತ ಇದ್ದಾನೋ ಇಲ್ಲವೋ ಎಂದು ಆಗಾಗ ಕೂಗಿ ಕೇಳು’ ಎಂಬುದು. ಕೇಳಿದ್ದಕ್ಕೆ ಉತ್ತರ ಬರದಿದ್ದರೆ ಸಂಪರ್ಕ ಸತ್ತಿದೆ ಎಂದು ಸರ್ವರಿಗೆ ತಿಳಿಯುತ್ತದೆ. ಆಗ ಅದು ಫೋನಿನ ಪರದೆಯ ಹಸಿರನ್ನು ಅಳಿಸಿ, ಡಬ್ಬಿಗೆ ಒಂದು ಎಸ್ಸೆಮ್ಮೆಸ್ ಕಳಿಸಿ ಎಬ್ಬಿಸುತ್ತದೆ. ಎಬ್ಬಿಸುವ ಆ ವ್ಯವಸ್ಥೆ ನಾನೇ ಮಾಡಿದ್ದು, ಅದರ ಬಗ್ಗೆ ನನಗೆ ಎಲ್ಲಿಲ್ಲದ ಹೆಮ್ಮೆ. ಆದರೆ ಯಾರಾದರೂ ಸತ್ತ ಸುದ್ದಿ ಹೇಳಿದರೆ ತಾನೇ ಎಬ್ಬಿಸುವುದು?

ಯಾವ ಸಾಕೆಟ್ಟಿಗೆ ಯಾವ ಆಯ್ಕೆ ಹೇಳಿದೆ ಎಂಬುದನ್ನು ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ತಾನೇ ನೆನಪಿಟ್ಟುಕೊಳ್ಳುತ್ತದೆ. ಬೇಕೆಂದಾಗ ಕೇಳಿದರೆ ಹೇಳುತ್ತದೆ. ಆದರೂ ಲೈಬ್ರರಿ ಬರೆದವರು ಅತಿ ಕಾಳಜಿಯಿಂದ ತಮ್ಮದೂ ಒಂದು ನೆನಪು ಇಟ್ಟಿದ್ದರು: ‘ಈ ಸಂಪರ್ಕಕ್ಕೆ ಆ ಆಯ್ಕೆ ಹೇಳಿಯಾಗಿದೆ.’ ಹೇಳಿಯಾಗಿದ್ದರೆ ಮತ್ತೆ ಹೇಳುವುದಿಲ್ಲ. ಜುಗೂಳದಲ್ಲಿ ಕರೆಂಟ್ ಹೋಗಿ, ಸಂಪರ್ಕ ಕಡಿದು, ಡಬ್ಬಿ ಹೊಸದಾಗಿ ಬಂದು ಸೇರಿಕೊಂಡಾಗ ಸಾಕೆಟ್ ಹೊಸದು, ಆದರೆ ಲೈಬ್ರರಿಯ ನೆನಪು ಹಳೆಯದೇ. ‘ಹೇಳಿಯಾಗಿದೆ’ ಎಂದು ಅದು ಸುಮ್ಮನಾಯಿತು. ಹೊಸ ಸಾಕೆಟ್ಟಿಗೆ ಯಾರೂ ಏನೂ ಹೇಳಲಿಲ್ಲ. ಮತ್ತೊಮ್ಮೆ ಕರೆಂಟ್ ಹೋಗಿ ಮೋಟರ್ ನಿಂತು, ಟವರಿನ ಸಿಗ್ನಲ್ಲೂ ಹೋಗಿ ಡಬ್ಬಿ ಮೂರ್ಛೆ ಹೋದಾಗ ಈ ಕಡೆಯಿಂದ ಯಾರೂ ಕೂಗಿ ಕೇಳಲಿಲ್ಲ. ಮೂರ್ಛೆ ಹೋಗುವ ಮುಂಚೆ ಡಬ್ಬಿ ಕೊನೆಗೆ ಹೇಳಿದ್ದು ‘ಚಾಲೂ’. ಅದೇ ಮಾತು ಹಸಿರಾಗಿ ನಿಂತುಬಿಟ್ಟಿತು.

ಇಷ್ಟು ತಿಳಿದ ಮೇಲೆ ಬುದ್ಧಿವಂತ ಏನು ಮಾಡುತ್ತಾನೆ? ನಾನು ಮಾಡಿದ್ದು ಇದು: ಲೈಬ್ರರಿಯ ನೆನಪು ಸರಿಯಿದೆಯೋ ಇಲ್ಲವೋ ಎಂದು ನೆನಪಿಡಲು ನನ್ನದೊಂದು ನೆನಪು ಸೇರಿಸಿದೆ. ಅದು ತಪ್ಪಿದರೆ ಎಂಬ ಭಯಕ್ಕೆ ಇನ್ನೊಂದು. ಊಟದ ಹೊತ್ತಿಗೆ ಒಂದೇ ಸಾಕೆಟ್ಟಿನ ಬಗ್ಗೆ ನಾಲ್ಕು ಜನ ಲೆಕ್ಕ ಇಡುತ್ತಿದ್ದರು. ಪರೀಕ್ಷೆಗೆ ಡಬ್ಬಿಯ ಸಿಮ್ ಕಿತ್ತು ನೋಡಿದೆ. ನಾಲ್ವರೂ ಒಂದೇ ದನಿಯಲ್ಲಿ ‘ಚಾಲೂ’ ಎಂದರು.

ಕೆಲಸದ ಅಕ್ಕ ಬುತ್ತಿ ಬಿಚ್ಚಿ ನನಗೂ ಅರ್ಧ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. “ಆತೇನ್ರಿ ರಿಪೇರಿ?”

“ಜಾಸ್ತಿ ಆಗೇತಿ.”

ರೊಟ್ಟಿ ಅಗಿಯುತ್ತ ಕೆಳಗಿನ ಕಂಬ ನೋಡಿದೆ. ಅಜ್ಜ ಬೆಳಿಗ್ಗೆ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹೋಗಿದ್ದ. ಈಗ ಮೋಟರ್ ಹತ್ತಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ನಾನು ತುಂತುರು ಬೀಳುತ್ತಿದೆಯೇ ಎಂದು ನೋಡುತ್ತಿದ್ದೆ, ಬೇರೆ ದಾರಿ ಇರಲಿಲ್ಲ. ಬೆಳಗಿನಿಂದ ಒಮ್ಮೆಯೂ ತಪ್ಪಿರಲಿಲ್ಲ. ನಾನು ಮಾತ್ರ ಲ್ಯಾಪ್‌ಟಾಪಿನೊಳಗೆ ಕೂತು ಟವೆಲಿನ ಮೇಲೆ ಟವೆಲ್ ಕಟ್ಟುತ್ತಿದ್ದೆ. ತುತ್ತು ನುಂಗಿ, ಕೈ ತೊಳೆದು, ಮೊದಲು ನನ್ನ ಸಾಲುಗಳನ್ನು ಅಳಿಸಿದೆ. ಆಮೇಲೆ ಲೈಬ್ರರಿಯ ನೆನಪನ್ನೂ ಅಳಿಸಲು ಶುರು ಮಾಡಿದೆ.

ಬರೆಯುವುದಕ್ಕಿಂತ ಅಳಿಸುವುದು ಎಷ್ಟು ಸುಖ ಎಂದು ಅಂದು ಗೊತ್ತಾಯಿತು. ‘ಹೇಳಿಯಾಗಿದೆ’ ಎಂದು ಇಡುವ ಜಾಗ ಹೋಯಿತು. ಅದನ್ನು ತುಂಬುವ ಸಾಲುಗಳು ಹೋದವು. ಅದನ್ನು ಒಂದರಿಂದ ಇನ್ನೊಂದಕ್ಕೆ ಹೊತ್ತು ಸಾಗಿಸುವ ಸಾಲುಗಳು, ಅದು ಸರಿಯಿದೆಯೇ ಎಂದು ಪರೀಕ್ಷಿಸುವ ಸಾಲುಗಳು, ಎಲ್ಲ ಹೋದವು. ಉಳಿದದ್ದು ಇಷ್ಟೇ: ಹೊಸ ಸಾಕೆಟ್ ಬಂದಾಗಲೆಲ್ಲ ನೇರವಾಗಿ ಅದಕ್ಕೇ ಹೇಳು. ತಿಳಿಯಬೇಕಾದರೆ ನೇರವಾಗಿ ಅದನ್ನೇ ಕೇಳು. ಮತ್ತೆ ಸಿಮ್ ಕಿತ್ತು ಕಾದೆ. ಸ್ವಲ್ಪ ಹೊತ್ತಿಗೆ ಹಸಿರು ಹೋಗಿ, ‘ಸಂಪರ್ಕ ಇಲ್ಲ’ ಎಂದು ಬೂದು ಬಣ್ಣ ಬಂತು. ಸಿಮ್ ಹಾಕಿದೆ, ಎಸ್ಸೆಮ್ಮೆಸ್ ಹೋಯಿತು, ಡಬ್ಬಿ ಎಚ್ಚರವಾಯಿತು, ಕೆಂಪು ಬಂತು. ಬಂದ್. ಮೋಟರ್ ನೋಡಿದೆ. ಅದೂ ಬಂದ್. ಎರಡೂ ಒಂದೇ ಮಾತು ಹೇಳಿದ್ದನ್ನು ನಾನು ಆ ವಾರದಲ್ಲಿ ನೋಡಿದ್ದು ಅದೇ ಮೊದಲು.

ಇನ್ನು ಕಾಕುವಿಗೆ ಹೇಳುವ ಕೆಲಸ ಉಳಿದಿತ್ತು. ಬೆಳಗಿನಿಂದ ಅವಳ ಫೋನ್ ಬಂದಾಗಲೆಲ್ಲ “ಡಬ್ಬಿ ಬಿಚ್ಚೀನಿ, ಆಮ್ಯಾಲ ಮಾಡ್ತೀನಿ” ಎಂದು ತಪ್ಪಿಸಿಕೊಂಡಿದ್ದೆ. ಸಂಜೆಗೆ ನಡುವಿನ ಸಾಲುಗಳು ಎಲೆ ಬಿಚ್ಚತೊಡಗಿದ ಮೇಲೆ ಧೈರ್ಯ ಮಾಡಿ ನಾನೇ ಹಚ್ಚಿದೆ.

“ಕಾಕು, ಸಸಿ ತೇಲಿಲ್ಲ.”

“ಹಾಂ, ಚಲೋ ಆತು.”

“ಒಣಗ್ಯಾವ.”

ಹಿಂದಿನಿಂದ ಮಗಳು, “ಏನಂತ ಬೇ?” ಎಂದು ಕೇಳಿದ್ದು ಕೇಳಿಸಿತು. ನಾನು ಎಲ್ಲ ಹೇಳಿದೆ. ಫ್ಯೂಸ್ ಕೀಳಿಸಿದ್ದನ್ನೂ ಹೇಳಿದೆ. ಅಜ್ಜನ ಮೊಣಕಾಲಿನ ಮೇಲೆ ಸ್ವಲ್ಪ ತಪ್ಪು ಹಾಕಬಹುದಿತ್ತು, ನಾಲಿಗೆಯ ತುದಿಗೂ ಬಂದಿತ್ತು, ಆದರೆ ಅಜ್ಜ ಎಮ್ಮೆ ಹೊಡೆದುಕೊಂಡು ಅಲ್ಲೇ ಹಾಯುತ್ತಿದ್ದ.

“ಎಷ್ಟ ಹೋಗ್ಯಾವ?” ಎಂದಳು ಕಾಕು.

“ಗಾಳಿ ಕಡಿಂದು ಪೂರಾ ಹೋಗ್ಯಾವ. ನಡಕಿನೂ ತಲಿ ಎತ್ತಾಕತ್ತಾವ. ಉಳೀತಾವ ಅಂತ ಅನಸ್ತೈತಿ.”

“ಅನಸ್ತೈತಿ ಅಂದ್ರ?”

“ಅಂದ್ರ ಗೊತ್ತಿಲ್ಲ.”

“ನಾ ಬರಬೇಕಂದ್ರ ಈಕಿನ್ನ ಬಿಟ್ಟ ಬರಾಕ ಆಗೂದಿಲ್ಲ. ಬ್ಯಾನಿ ಬಂದಂಗ ಆಗಾಕತ್ತೈತಿ” ಎಂದಳು. “ನೀ ಅಲ್ಲೇ ಇರು. ಫೋನಿಂದ ಹೇಳಬ್ಯಾಡ. ಸಸಿ ಬುಡಕ್ಕ ಕೈ ಇಟ್ಟ ನೋಡಿ ಹೇಳು.”

ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ನಾನು ಜುಗೂಳದಲ್ಲೇ ಉಳಿದೆ. ಚಾಚಾರಿಗೆ ಫೋನ್ ಮಾಡಿ ರಜೆ ಕೇಳಿದೆ. “ರಜಾ ಯಾಕ? ಅಲ್ಲಿಂದನ ಕೆಲಸ ಮಾಡು. ನಿನ್ನ ಪ್ರವಾಹ ಪೂರಾ ಇಳಿದ ಮ್ಯಾಲ ಬಾ” ಎಂದರು. ನಾನು ಕೈ ಬೀಸಿ ಹೇಳಿದ ಕಥೆ ಅವರಿಗೆ ಅಕ್ಷರಶಃ ನೆನಪಿತ್ತು.

ಮುಂದಿನ ದಿನಗಳಲ್ಲಿ ನಾನು ಬೆಳಿಗ್ಗೆ ಎದ್ದೊಡನೆ ಟ್ರೇಗಳ ಬುಡಕ್ಕೆ ಬೆರಳು ಹಾಕಿ ತೇವ ನೋಡುತ್ತಿದ್ದೆ, ಕಾಕುವಿಗೆ ವರದಿ ಕೊಡುತ್ತಿದ್ದೆ. “ಹಸಿ ಐತಿ ಕಾಕು.” “ಎಷ್ಟ ಹಸಿ?” “ಬೆರಳಿಗೆ ಹತ್ತತೈತಿ, ಹಿಂಡಿದ್ರ ಬೀಳೂದಿಲ್ಲ.” “ಹಂಗ ಇರ್ಲಿ.” ಸತ್ತ ಟ್ರೇಗಳನ್ನು ಬೇರೆ ಮಾಡಿ ಬದುವಿನ ಮೇಲೆ ಪೇರಿಸಿದೆ. ಅಥಣಿಯಲ್ಲಿ ಹೆರಿಗೆಯಾಯಿತು, ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಆರಾಮ. ಆ ಸುದ್ದಿ ಹೇಳಲು ಫೋನ್ ಮಾಡಿದಾಗಲೂ ಕಾಕು, “ಮಧ್ಯಾನದ ನೀರ ಬಿಟ್ಟೀಯಿಲ್ಲ?” ಎಂದು ಮೊದಲು ಕೇಳಿದಳು.

ನಡುವೆ ನಾನು ಅಳಿಸಿದ್ದನ್ನು ಲೈಬ್ರರಿ ನೋಡಿಕೊಳ್ಳುವವರಿಗೂ ಕಳಿಸಿದ್ದೆ. ಯಾವ ದೇಶದವರೋ, ಮುಖ ನೋಡದವರು. ನನ್ನ ಇಂಗ್ಲಿಷಿನಲ್ಲಿ, ಈ ನೆನಪು ಬೇಡ, ಸಾಕೆಟ್ಟನ್ನೇ ಕೇಳಿದರೆ ಸಾಕು ಎಂದು ಬರೆದಿದ್ದೆ. ಅವರು ಒಪ್ಪಿದರು. ಆದರೆ ಇನ್ನೊಂದು ಫೈಲಿನಲ್ಲಿ ಅದೇ ನೆನಪಿನ ಬಾಲ ಉಳಿದಿದೆ ಎಂದರು, ಹೌದು, ನಾನು ಬಿಟ್ಟಿದ್ದೆ. ಜೊತೆಗೆ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕೆಂಬ ಸಾಲನ್ನು ಯಾಕೆ ಅಳಿಸಿದ್ದೀರಿ, ಅದು ಬೇಕಲ್ಲ ಎಂದು ಕೇಳಿದರು. ಅದನ್ನು ಅಳಿಸಿದ್ದು ಅಳಿಸುವ ಖುಷಿಯಲ್ಲಿ. ಕಳೆ ಕೀಳುವ ಭರದಲ್ಲಿ ಬದನೆ ಗಿಡವನ್ನೂ ಕಿತ್ತಂತೆ. ನನ್ನ ದುರದೃಷ್ಟಕ್ಕೆ ಅದೇ ಕೋಡನ್ನು ಅಷ್ಟರಲ್ಲಿ ನಮ್ಮ ಸರ್ವರಿಗೂ ಹಾಕಿದ್ದೆ. ಡಬ್ಬಿ ಉತ್ತರ ಕೊಡಲು ಉಸಿರು ಎಳೆದುಕೊಳ್ಳುವಷ್ಟರಲ್ಲೇ ಸರ್ವರ್ ಬೇಸರಪಟ್ಟು ‘ಸಂಪರ್ಕ ಇಲ್ಲ’ ಎನ್ನುತ್ತಿತ್ತು. ಕಬ್ಬೂರಿನಿಂದ, ಕಾಗವಾಡದಿಂದ, ಎಲ್ಲೆಲ್ಲಿ ಡಬ್ಬಿ ಇದೆಯೋ ಅಲ್ಲಿಂದೆಲ್ಲ ಚಾಚಾರಿಗೆ ಫೋನ್.

ಚಾಚಾ ಒಂದನ್ನು ನನಗೇ ದಾಟಿಸಿದರು. ಕಬ್ಬೂರಿನ ರೈತರೊಬ್ಬರು. “ಏನ ಮಾಡೀರ್ಪಾ ಇದಕ್ಕ? ಮೊದಲ ಭಾಳ ಚಲೋ ಇತ್ತು. ಯಾವಾಗ ನೋಡಿದ್ರೂ ಹಸರ ತೋರಸ್ತಿತ್ತು. ಈಗ ತಾಸಿಗೊಮ್ಮೆ ಇಲ್ಲ ಅಂತೈತಿ.”

“ಈಗ ಸರಿ ಮಾಡ್ತೀನ್ರಿ ಯಜಮಾನ್ರ. ಇನ್ಮ್ಯಾಲ ಇದ್ರ ಐತಿ, ಇಲ್ಲಾಂದ್ರ ಇಲ್ಲ ಅಂತೈತಿ.”

“ಇಲ್ಲ ಅನ್ನೂದ ನಮಗ ಬ್ಯಾಡ. ಹಳೇದನ್ನ ಹಾಕ ಕೊಡ್ರಿ.”

ಕಾಯುವ ಸಾಲನ್ನು ವಾಪಸ್ ಹಾಕಿದೆ, ಉಳಿದಿದ್ದ ಬಾಲವನ್ನೂ ಕತ್ತರಿಸಿದೆ. ಫೋನುಗಳು ಕಡಿಮೆಯಾದವು. ಕಬ್ಬೂರಿನವರು ಮಾತ್ರ ಇವತ್ತಿಗೂ ಹಳೆಯದೇ ಚಲೋ ಇತ್ತು ಎನ್ನುತ್ತಾರಂತೆ.

ರಾಯಬಾಗದ ರೈತರು ಟೆಂಪೊ ತಂದ ದಿನ ಕಾಕು ಇನ್ನೂ ಅಥಣಿಯಲ್ಲೇ ಇದ್ದಳು. ವಿಡಿಯೊ ಕಾಲ್ ಮಾಡಿಸಿಕೊಂಡಳು. ಮಡಿಲಲ್ಲಿ ಕೂಸು, ಕಣ್ಣು ನನ್ನ ಫೋನಿನ ಕಡೆ. “ಕ್ಯಾಮ್ರಾ ಕೆಳಗ ಹಿಡಿ. ನಿನ್ನ ಮಾರಿ ನೋಡಾಕ ನಾ ಕುಂತಿಲ್ಲ.”

ಆ ರೈತರು ಸಾಲುಗಳ ನಡುವೆ ನಡೆದರು. ನಡುವಿನ ಟ್ರೇಯಿಂದ ಒಂದು ಸಸಿ ಹಿಡಿದು ಮೆಲ್ಲಗೆ ಎಳೆದರು. ತುದಿಯ ಒಂದು ಎಲೆ ಒಣಗಿ ಮುರುಟಿಕೊಂಡಿತ್ತು. ನಾನು ಅದನ್ನು ಹೆಬ್ಬೆರಳಿನಿಂದ ಮುಚ್ಚಲು ಹೋದೆ, ಅವರು ನನ್ನ ಕೈ ಸರಿಸಿ ಬುಡ ಬಿಡಿಸಿ ನೋಡಿದರು. ನಾರಿನ ಪುಡಿಯ ಸುತ್ತ ಬಿಳಿ ಬೇರು ಜಾಳಿಗೆಯಂತೆ ಸುತ್ತಿಕೊಂಡಿತ್ತು.

“ನಡಕ ಒಂದ ಸಲ ನೀರಿಗೆ ತ್ರಾಸ ಆಗೇತಿ ಅಲ್ಲ?”

ಫೋನಿನೊಳಗಿಂದ ಕಾಕು ಉತ್ತರಿಸಿದಳು. “ಆಗೇತ್ರಿ ಅಣ್ಣಾ. ಗಾಳಿ ಕಡಿಂದು ಹೋಗ್ಯಾವ. ಉಳದದ್ದನ್ನ ನೋಡಿ ಒಯ್ರಿ. ಬ್ಯಾಡಾದ್ರ ಬ್ಯಾಡ ಅನ್ರಿ.”

ಅವರು ಸಸಿಯನ್ನು ಮತ್ತೆ ಅದರ ಗುಂಡಿಯಲ್ಲಿ ಕೂರಿಸಿದರು. “ಬೇರ ಗಟ್ಟಿ ಅದಾವ. ಹಚ್ಚೂನು” ಎಂದು ಸಸಿ ತುಂಬಲು ಚಾಲಕನಿಗೆ ಕೈ ಮಾಡಿದರು.

ಟೆಂಪೊ ಹಿಂಬದಿ ಓಣಿಯ ಕಡೆ ತಿರುಗಿ ನಿಂತಿತು. ಮೂಗು ಮುರಿದಿದ್ದವರಲ್ಲಿ ಕೆಲವರು ತಮ್ಮ ತಮ್ಮ ಬಾಗಿಲಿಗೆ ಬಂದು ನಿಂತರು. ಕಾಕುವಿಗೆ ಅವರು ಕಾಣಲಿ ಎಂದು ನಾನು ಫೋನನ್ನು ಸುತ್ತ ತಿರುಗಿಸಿದೆ. ಅವಳು ನೋಡಿದಳು, ಮುಖದಲ್ಲಿ ಏನೂ ತೋರಿಸಲಿಲ್ಲ, ಕೂಸಿನ ಕಾಲು ಮಾತ್ರ ಎರಡೆರಡು ಸಲ ಒತ್ತಿದಳು. ಹಿಂದಿನಿಂದ ಮಗಳು ನಗುವುದು ಕೇಳಿಸಿತು.

ಟೆಂಪೊ ಹೋದ ಮೇಲೆ ಕಾಕು, “ಆ ಖಾಲಿ ಟ್ರೇ ಹಂಗ ಇಟ್ಟೀಯೇನ?” ಎಂದಳು.

“ಬದುವಿನ ಮ್ಯಾಲ ಪೇರಿಸೀನಿ.”

“ಇವತ್ತನ ತೊಳದ ಒಣಗ ಹಾಕು. ನಾ ಬರೂದ್ರಾಗ ಎರಡನೇ ಸಲದ ಕಣ್ಣ ಹಾಕಾಕ ಬೇಕು. ಮೋಟರ್ ಈಗ ಹೆಂಗೈತಿ?”

“ಬಂದ್ ಐತಿ ಕಾಕು.”

“ನೋಡಿ ಹೇಳಾಕತ್ತೀಯಿಲ್ಲ?”

ದಂಡೆಗೆ ಇಳಿದು ನೋಡಿ ಬಂದು, ಹೌದು ಎಂದೆ. ಅವಳು ಅಥಣಿಯಿಂದ ಗುಂಡಿ ಒತ್ತಿದಳು, ಕೊಳವೆಯಲ್ಲಿ ನೀರು ಕೆಮ್ಮುತ್ತ ಬಂತು, ನಾನು ಪ್ಯಾಂಟು ಮಡಚಿಕೊಂಡು ಮೊದಲ ಟ್ರೇ ಅದರ ಬಾಯಿಗೆ ಹಿಡಿದೆ.